ದಿನಬಳಕೆಯ ಲೋಟ: ಅಂಚು, ತಳ, ಅಳತೆ

ಕಾಫಿ, ಟೀ ಕುಡಿಯುವ ಪಾತ್ರೆಯನ್ನು ಆರಿಸುವಾಗ ಬಣ್ಣಕ್ಕೂ ಹೊಳಪಿಗೂ ಸಲ್ಲುವ ಗಮನ ಅಂಚು, ಒಳತಳ, ಅಳತೆ ಎಂಬ ಮೂರು ಅಂಶಗಳಿಗೆ ಸಲ್ಲುವುದಿಲ್ಲವಾದರೂ, ಪಾತ್ರೆಯ ಗುಣ ತೀರ್ಮಾನವಾಗುವುದು ಇವುಗಳಿಂದಲೇ. ಮಧುಗಿರಿ ತಾಲ್ಲೂಕಿನ ಮಿಡಿಗೇಶಿ ಹಾಗೂ ಆಸುಪಾಸಿನ ಸಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಮನೆಯ ಸ್ಟೀಲ್ ಲೋಟ, ಹೋಟೆಲಿನ ಗಾಜಿನ ಲೋಟ, ಉಡುಗೊರೆಯಾಗಿ ಬಂದು ಸೇರುವ ಪಿಂಗಾಣಿ ಮಗ್ಗು ಮೂರೂ ಬಳಕೆಯಲ್ಲಿರುವುದರಿಂದ, ಅವುಗಳನ್ನು ಈ ಮಾನದಂಡಗಳಿಂದ ತೂಗಿ ನೋಡಬಹುದು.

ಸ್ಟೀಲು ಗಾಜಿಗಿಂತ ಸುಮಾರು 15 ಪಟ್ಟು ಚುರುಕಾಗಿ ಶಾಖವನ್ನು ಸಾಗಿಸುವುದರಿಂದ ಬಿಸಿ ಕಾಫಿ ತುಂಬಿದ ಲೋಟದ ಮೈ ಕೈ ಸುಡುತ್ತದೆ. ಆದರೆ ಈ ದೋಷಕ್ಕೆ ಲೋಟದ ಆಕಾರದಲ್ಲಿಯೇ ಪರಿಹಾರವಿದೆ. ಹೊರಕ್ಕೆ ಬಾಗಿದ ಕಂಠವು ಕಾಫಿಯ ಮಟ್ಟಕ್ಕಿಂತ ಮೇಲಿದ್ದು ಬೆರಳಿಗೆ ಆಸರೆಯಾಗುತ್ತದೆ, ಎತ್ತಿ ಕುಡಿಯುವವರಿಗೆ ಧಾರೆ ಚದುರದಂತೆ ಬೀಳಿಸುತ್ತದೆ, ಬಟ್ಟಲಿಗೆ ಸುರಿದು ಆರಿಸುವಾಗ ಹನಿ ಲೋಟದ ಮೈಗಿಳಿಯದಂತೆ ತಡೆಯುತ್ತದೆ. ಇದು ಅಂಚನ್ನು ಸುರುಳಿಯಾಗಿ ಮಡಿಸಿ ಸಂದಿಲ್ಲದಂತೆ ಮುಚ್ಚಿದ ಲೋಟದ ಮಾತು. ಮಡಿಕೆ ಅರೆಬರೆಯಾಗಿ ಉಳಿದ ಅಗ್ಗದ ಲೋಟಗಳಲ್ಲಿ ಹಾಲಿನ ಜಿಡ್ಡು ಆ ಸಂದಿನಲ್ಲಿ ಕೂರುತ್ತದೆ. ಅಂಚಿನ ಕೆಳಗೆ ಸುತ್ತಲೂ ಉಗುರಾಡಿಸಿದರೆ ಕೊಳ್ಳುವಾಗಲೇ ಇದು ತಿಳಿಯುತ್ತದೆ.

ಒಳತಳದ ಪ್ರಶ್ನೆ ಈ ಬಯಲುಸೀಮೆಯಲ್ಲಿ ನೀರಿನ ಪ್ರಶ್ನೆಯೂ ಹೌದು. ಇಲ್ಲಿನ ಕೊಳವೆಬಾವಿಗಳ ನೀರು ಬಹುಮಟ್ಟಿಗೆ ಗಡಸು, ಎಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚಾಗಿ ಕರಗಿರುವ ಉಪ್ಪುನೀರು. ಈ ಕ್ಯಾಲ್ಸಿಯಂ ಟೀಯ ಒಗರಿನ ಅಂಶದೊಡನೆ ಸೇರಿ ಕಟ್ಟುವ ಕಂದು ಪೊರೆ, ಗೋಡೆಯೂ ತಳವೂ ಚೂಪು ಮೂಲೆಯಾಗಿ ಕೂಡುವ ಪಾತ್ರೆಯಲ್ಲಿ ಉಜ್ಜಿದರೂ ಹೋಗುವುದಿಲ್ಲವಾದ್ದರಿಂದ, ತಳ ದುಂಡಗೆ ತಿರುಗಿ ಬೆರಳಿಗೆ ಸಲೀಸಾಗಿ ಎಟುಕುವ ಪಾತ್ರೆಯೇ ಮೇಲು. ಪಿಂಗಾಣಿಯಲ್ಲಾದರೆ ಮೆರುಗು, ಎಂದರೆ ಕುಲುಮೆಯಲ್ಲಿ ಕರಗಿ ಗಾಜಿನಂತೆ ಮೈಗಂಟುವ ಲೇಪ, ಕೂದಲೆಳೆಯಷ್ಟೂ ಬಿರುಕಿಲ್ಲದೆ ಒಳಗೆಲ್ಲ ಹರಡಿರಬೇಕು.

ಮಗ್ಗಿನ ಹಿಡಿ ಕೈ ಸುಡದಂತೆ ಕಾಯುತ್ತದೆಂಬುದು ನಿಜವಾದರೂ, ಮಗ್ಗಿನ ಗಾತ್ರ ಸಣ್ಣ ಅಳತೆಯಲ್ಲಿ ಕುಡಿಯುವ ಇಲ್ಲಿನ ವಾಡಿಕೆಗೆ ಒಗ್ಗುವುದಿಲ್ಲ. 300 ಗ್ರಾಂ ತೂಗುವ ಪಿಂಗಾಣಿಯು ಒಂದು ಡಿಗ್ರಿ ಬಿಸಿಯೇರಲು 100 ಮಿ.ಲೀ. ಟೀಗೆ ಬೇಕಾದ ಶಾಖದ ಅರ್ಧಕ್ಕೂ ಹೆಚ್ಚು ಬೇಕಾಗುವುದರಿಂದ, ದೊಡ್ಡ ಮಗ್ಗಿಗೆ ಸುರಿದ ಸಣ್ಣ ಅಳತೆಯ ಟೀ ಬಾಯಿಗೆ ಬರುವ ಮೊದಲೇ ಆರುತ್ತದೆ.

ಹೋಟೆಲಿನ ಗಾಜಿನ ಲೋಟ ಅಳತೆಯಲ್ಲಿ ಚಿಕ್ಕದು, ಕೊಳೆಯನ್ನು ಮುಚ್ಚಿಡದು; ಒಡೆಯುವುದೊಂದೇ ಅದರ ಕೊರತೆ. ಆದರೆ ಸಾರ್ವಜನಿಕ ಪಾತ್ರೆಗೆ ಮತ್ತೊಂದು ಮಾನದಂಡವೂ ಇದೆ. ದಲಿತರಿಗೆ ಬೇರೆ ಲೋಟವಿಡುವ ಎರಡು ಲೋಟದ ಪದ್ಧತಿ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ತೊಳೆದ ಲೋಟವನ್ನೇ ಎಲ್ಲರಿಗೂ ಕೊಡದ ಕಡೆ ಲೋಟದ ಮಿಕ್ಕ ಗುಣಗಳಿಗೆ ಬೆಲೆಯಿಲ್ಲ.

ಹೀಗೆ ತೂಗಿದಾಗ, ಈ ಸೀಮೆಯ ಮನೆಗಳಲ್ಲಿ ಕಾಫಿಗೆ ಅಂಚು ಮುಚ್ಚಿದ, ತಳ ದುಂಡಗಿನ ಸ್ಟೀಲ್ ಲೋಟ ಮತ್ತು ಬಟ್ಟಲು, ಟೀಗೆ ಚಿಕ್ಕ ಗಾಜಿನ ಲೋಟ ಉತ್ತಮ. ಮಗ್ಗೇ ಬೇಕೆನ್ನುವವರು 150 ಮಿ.ಲೀ. ಮೀರದ, ತೆಳುಗೋಡೆಯ ಮಗ್ಗನ್ನು ಆರಿಸುವುದು ಲೇಸು.