ಎಚ್‌ಐವಿ ಗುಣ ಆಯ್ತು ಅಂದ್ರೆ, ಎಲ್ಲಿ?

'ಎಚ್‌ಐವಿಗೆ ಕೊನೆಗೂ ಮದ್ದು ಸಿಕ್ತು' ಅನ್ನೋ ಸುದ್ದಿ ಆಗಾಗ ವಾಟ್ಸಾಪ್‌ನಲ್ಲಿ ಬರ್ತಾನೇ ಇರುತ್ತೆ. ಅದರ ಮೇಲೆ ನನ್ನದೊಂದು ತಕರಾರಿದೆ. ಅಲ್ಲಿರೋದೆಲ್ಲ ರಕ್ತದ ಲೆಕ್ಕ: ವೈರಸ್ ಅಷ್ಟಿತ್ತು, ಇಷ್ಟಾಯ್ತು. ಮಿದುಳಿನ ಮಾತೇ ಇರಲ್ಲ.

ಈಗಿನ ಎಆರ್‌ಟಿ ಮಾತ್ರೆಗಳು ವೈರಸ್ ಹೆಚ್ಚಾಗದಂತೆ ತಡೆಯುತ್ತವೆ. ಆದರೆ ಕೆಲವು ಜೀವಕೋಶಗಳಲ್ಲಿ ನಿದ್ದೆ ಹೋಗಿರುವ ವೈರಸ್ಸನ್ನು ಮುಟ್ಟಲ್ಲ. ಅದಕ್ಕೇ ಸಂಶೋಧಕರ ಒಂದು ಉಪಾಯ, ಮೊದಲು ಎಬ್ಬಿಸು, ಆಮೇಲೆ ಕೊಲ್ಲು. ವೊರಿನೊಸ್ಟಾಟ್ ಅನ್ನೋ ಕ್ಯಾನ್ಸರ್ ಔಷಧಿ ಹೀಗೆ ಎಬ್ಬಿಸಬಲ್ಲದು ಅಂತ 2012ರಲ್ಲಿ ರೋಗಿಗಳಲ್ಲೇ ತೋರಿಸಿದರು.

ಆದರೆ ಮಿದುಳಿಗೊಂದು ಕಾವಲಿದೆ, ಬ್ಲಡ್-ಬ್ರೇನ್ ಬ್ಯಾರಿಯರ್. ಜೆಪಿ ನಗರದ ಅಪಾರ್ಟ್‌ಮೆಂಟ್ ಸೆಕ್ಯುರಿಟಿ ಇದ್ದ ಹಾಗೆ. ಔಷಧಿಗಳನ್ನು ಗೇಟಲ್ಲೇ ನಿಲ್ಲಿಸುತ್ತೆ, ನುಗ್ಗಿದ್ದನ್ನೂ ಪಂಪುಗಳಿಂದ ಹೊರಗೆ ತಳ್ಳುತ್ತೆ. ವೈರಸ್ ಮಾತ್ರ ನಿವಾಸಿಯ ಕಾರಲ್ಲಿ ಕೂತು ಬಂದಂತೆ ಬಿಳಿ ರಕ್ತಕಣಗಳೊಳಗೆ ಕೂತು ಒಳಗೆ ಬರುತ್ತೆ. ವೊರಿನೊಸ್ಟಾಟ್ ಜಾತಿಯ ಔಷಧಿಗಳು ಈ ಪಂಪುಗಳಲ್ಲೊಂದನ್ನು ಹೆಚ್ಚಿಸುತ್ತವೆ ಅಂತ ಲ್ಯಾಬಿನಲ್ಲಿ ಬೆಳೆಸಿದ ಮಿದುಳಿನ ರಕ್ತನಾಳದ ಕೋಶಗಳಲ್ಲಿ ಕಂಡಿದೆ. ಮನುಷ್ಯರಲ್ಲೂ ಹಾಗೇ ಆದರೆ, ಎಬ್ಬಿಸೋ ಔಷಧಿಯೇ ಕೊಲ್ಲೋ ಔಷಧಿಗೆ ಗೇಟು ಹಾಕಿದಂತೆ.

ಒಳಗೆ ಹೋದ್ರೆ ಸರಿಹೋಗುತ್ತಾ? ಅಲ್ಲಿ ವೈರಸ್ ಎದ್ದರೆ ಸುತ್ತ ಉರಿಯೂತ. ಸತ್ತ ನರಕೋಶಗಳ ಜಾಗ ತುಂಬೋದಕ್ಕೆ ರಕ್ತಕಣಗಳ ಥರ ಹೊಸವು ಬರಲ್ಲ. 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ಕೋತಿಗಳಿಗೆ ಇಂಥ ಔಷಧಿ ಕೊಟ್ಟಾಗ, ಒಂದರ ಮಿದುಳಿನಲ್ಲಿ ಎಚ್‌ಐವಿಯ ದಾಯಾದಿಯಾದ ಎಸ್‌ಐವಿ ಎದ್ದುಬಿಟ್ಟಿತ್ತು. ಎರಡೇ ಕೋತಿ ನಿಜ, ಆದರೆ ಎಚ್ಚರಿಕೆಗೆ ಅಷ್ಟು ಸಾಕು.

ಇದು ಅಮೆರಿಕದವರ ತಲೆನೋವು ಅನ್ಕೋಬೇಡಿ. ಜಯನಗರದಿಂದ ಡೈರಿ ಸರ್ಕಲ್ ಕಡೆ ಹೋದರೆ ಸಿಗೋ ನಿಮ್ಹಾನ್ಸ್‌ನಲ್ಲಿ ಈ ಕೆಲಸ ಬಹಳ ವರ್ಷದಿಂದ ನಡೆದಿದೆ. ನಮ್ಮಲ್ಲಿ ಹೆಚ್ಚಾಗಿರೋದು ಎಚ್‌ಐವಿಯ 'ಸಿ' ಉಪಜಾತಿ. ಅದರ ಟ್ಯಾಟ್ ಪ್ರೋಟೀನಿನ 31ನೇ ಸ್ಥಾನದಲ್ಲಿ ಒಂದು ಬದಲಾವಣೆ ಇದೆ, ಅದರಿಂದ ಅದು ಬಿಳಿ ರಕ್ತಕಣಗಳನ್ನು ಸೆಳೆಯೋ ಶಕ್ತಿ ಕುಗ್ಗಿದೆ ಅಂತ 2004ರಲ್ಲಿ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದ ಉದಯಕುಮಾರ್ ರಂಗ ಮತ್ತು ನಿಮ್ಹಾನ್ಸ್ ತಂಡ ಬರೆದರು. ಅಬ್ಬಾ, ನಮ್ಮ ವೈರಸ್ ಮಿದುಳಿಗೆ ಸಾಧು ಅನ್ನಿಸುವಂಥ ಮಾತು. 2007ರಲ್ಲಿ ನಿಮ್ಹಾನ್ಸ್‌ನವರೇ ದಕ್ಷಿಣ ಭಾರತದ ಸೋಂಕಿತರನ್ನು ಪರೀಕ್ಷಿಸಿದಾಗ ಶೇ. 60ರಷ್ಟು ಮಂದಿಯ ನೆನಪು, ಕಲಿಕೆ, ಮಾತಿನ ಸರಾಗತೆಯಂಥ ಸಾಮರ್ಥ್ಯಗಳಲ್ಲಿ ಅಲ್ಪದಿಂದ ಮಧ್ಯಮ ಮಟ್ಟದ ಕೊರತೆ ಸಿಕ್ಕಿತು. ತೀವ್ರ ಕೊರತೆ ಯಾರಲ್ಲೂ ಇರಲಿಲ್ಲ. ಮೇಲ್ನೋಟಕ್ಕೆ ಚೆನ್ನಾಗೇ ಇರೋರು, ಆದರೆ ಮೀಟಿಂಗಲ್ಲಿ ಕೇಳಿದ್ದು ನೆನಪಿಟ್ಟುಕೊಳ್ಳೋಕೆ ಒದ್ದಾಡಬಹುದಾದವರು. ಇದು ರಕ್ತ ಪರೀಕ್ಷೆಯಲ್ಲಿ ಕಾಣಲ್ಲ, ಕೂರಿಸಿ ಪರೀಕ್ಷೆ ಮಾಡಿದರೇನೇ ಕಾಣೋದು.

ಸಂಶೋಧನೆ ಬೇಡ ಅಂತ ನನ್ನ ವಾದ ಅಲ್ಲ. 'ಗುಣ' ಅನ್ನೋ ಮಾತನ್ನು ಅರ್ಧ ಲೆಕ್ಕದಲ್ಲಿ ಬಳಸಬೇಡಿ ಅಂತಷ್ಟೇ. ಮುಂದಿನ ಸುದ್ದಿ ಬಂದಾಗ ಮೂರು ಪ್ರಶ್ನೆ ಕೇಳಿ: ಔಷಧಿ ಮಿದುಳು ತಲುಪಿತಾ? ಬೆನ್ನುಹುರಿಯ ದ್ರವ ಪರೀಕ್ಷಿಸಿದ್ರಾ? ನೆನಪು, ಗಮನ ಅಳೆದ್ರಾ? ಉತ್ತರ ಸಿಗದಿದ್ದರೆ ಅದು ರಕ್ತದ ಸುದ್ದಿ ಅಷ್ಟೇ. ಅದನ್ನು ನಂಬಿ ದಿನದ ಮಾತ್ರೆ ನಿಲ್ಲಿಸೋ ಯೋಚನೆ ಮಾಡೋರು ನಿಮ್ಮ ಪರಿಚಯದಲ್ಲಿದ್ದರೆ, ಮೊದಲು ಡಾಕ್ಟರ ಹತ್ರ ಕಳಿಸಿ.