ಮೆಲಿಂಡಾಳ ಮರ

ನಂದಗಡದ ಮಕ್ಕಳಿಗೆ ಮರ ಬಿಡಿಸಿ ಎಂದರೆ ಮೊದಲು ನೆನಪಾಗುವುದು ಆಲವೇ ಇರಬೇಕು. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು ಈ ಊರ ಬಳಿಯ ಆಲದ ಮರಕ್ಕೆ. ಅಮೆರಿಕದ ಲಾರಿ ಹಾಲ್ಸ್ ಆಂಡರ್ಸನ್ 1999ರಲ್ಲಿ ಬರೆದ ‘ಸ್ಪೀಕ್’ ಕಾದಂಬರಿಯ ಮೆಲಿಂಡಾಗೂ ಮರವೇ ಗಂಟುಬೀಳುತ್ತದೆ. ಡ್ರಾಯಿಂಗ್ ಮಾಸ್ತರ ಫ್ರೀಮನ್ ಚೀಟಿ ಎತ್ತಿಸುತ್ತಾರೆ. ಬಂದ ವಸ್ತುವನ್ನೇ ವರ್ಷವಿಡೀ ಬಿಡಿಸಬೇಕು.

ಬೇಸಿಗೆಯ ಪಾರ್ಟಿಯಲ್ಲಿ ದೊಡ್ಡ ಹುಡುಗನೊಬ್ಬನಿಂದ ಅತ್ಯಾಚಾರಕ್ಕೊಳಗಾದವಳು ಆಕೆ. ಪೊಲೀಸರಿಗೆ ಫೋನ್ ಮಾಡಿದಳೆಂದು ಗೆಳತಿಯರು ದೂರವಾಗಿದ್ದಾರೆ, ಕಾರಣ ಯಾರೂ ಕೇಳಿಲ್ಲ. ಅವಳಿಗೆ ಮಾತೇ ಹೊರಡದು. ಲಿನೋಲಿಯಂ ಕೆತ್ತಿದರೂ ಮರಕ್ಕೆ ಜೀವ ಬರುವುದಿಲ್ಲ. ಪಿಕಾಸೊನ ಚಿತ್ರಗಳನ್ನು ಕಂಡ ಮೇಲೆ ಮರವನ್ನು ಚೂರುಚೂರಾಗಿಸಿ ಬರೆಯುವ ಧೈರ್ಯ ಬರುತ್ತದೆ.

ನನಗೆ ಹಿಡಿಸಿದ್ದು ಲೇಖಕಿಯ ಸಂಯಮ. ಮೆಲಿಂಡಾ ಹುಟ್ಟು ಪ್ರತಿಭೆಯಲ್ಲ, ಅವಳಿಗೆ ಬಹುಮಾನವಿಲ್ಲ, ಪ್ರದರ್ಶನವಿಲ್ಲ. ಕೆಡಿಸಿ ಮತ್ತೆ ಬರೆಯುವುದಷ್ಟೇ ಅವಳ ಕಲೆ. (ಶಾಲೆಯ ಗುಂಪುಗಳ ಕುರಿತ ಲೇವಡಿ ಮಾತ್ರ ತುಸು ಹೆಚ್ಚಾಯಿತು.) ಅಂಗಳದ ಓಕ್ ಮರದ ರೋಗ ಹತ್ತಿದ ಕೊಂಬೆಗಳನ್ನು ಕಡಿಸುವ ಪುಟಗಳಂತೂ ಅದ್ಭುತ. ಮರ ಸಾಯುತ್ತಿಲ್ಲ, ಮತ್ತೆ ಬೆಳೆಯಲೆಂದೇ ಕಡಿಸುತ್ತಿದ್ದೇವೆ ಎಂದು ಅಪ್ಪ ಹೇಳುತ್ತಾನೆ. ಮಗಳ ಪಾಡು ಅವನಿಗೆ ಗೊತ್ತೇ ಇಲ್ಲ.