ಬಣ್ಣದ ಬಟ್ಟೆಯ ಕಡಲು

ನಾವು ಉಡುಪಿಗೆ ಬಂದು ನೆಲೆಸಿದ ಮೇಲೆ ಶಿವಮೊಗ್ಗದ ನೆಂಟರಿಗೆಲ್ಲ ನಮ್ಮ ಮನೆ ಕಡಲಿಗೆ ಹೋಗುವ ದಾರಿಯ ಛತ್ರದಂತಾಗಿದೆ. ಕಳೆದ ಡಿಸೆಂಬರಿನಲ್ಲಿ ಅಕ್ಕನ ಮಗ ಬೆಂಗಳೂರಿನಿಂದ ಬಂದ. ಎಂದಿನಂತೆ ಬಿರಿಯಾನಿ ಉಂಡು ಮಲಗುತ್ತಾನೆ ಎಂದುಕೊಂಡರೆ, ನಾಲ್ಕು ಗಂಟೆಗೇ ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು, ತಲೆಗೊಂದು ಕ್ರಿಕೆಟ್ ಕ್ಯಾಪ್ ಏರಿಸಿ ನಿಂತ. "ಖಾಲಾ, ಮಲ್ಪೆಗೆ ಹೋಗೋಣ. ನಿಮ್ಮ ಕ್ಯಾಮೆರಾನೂ ತಗೊಳ್ಳಿ" ಎಂದ.

ದಾರಿಯಲ್ಲಿ ವಿಷಯ ಹೊರಬಿತ್ತು. ಅವನಿಗೀಗ ಮೂವತ್ಮೂರು. ಡೇಟಿಂಗ್ ಆ್ಯಪ್ ಒಂದರಲ್ಲಿ ಹೆಸರು ನೋಂದಾಯಿಸಿದ್ದಾನೆ. ಅದರಲ್ಲಿ ಆರು ಚಿತ್ರಗಳಿಗೆ ಜಾಗವಿದೆ. ಅಮ್ಮಿಗೆ ಅದನ್ನು ರಿಶ್ತಾದ ಸೈಟ್ ಎಂದು ಹೇಳಿದ್ದಾನೆ. ಅದು ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಅವನಿಗೆ ಬೇಕಾಗಿದ್ದ ಚಿತ್ರಗಳೂ ಸುಮಾರಾಗಿ ಅಂಥವೇ.

ಕಥೆ, ಕವಿತೆ, ಸಿನಿಮಾಗಳ ವಿಮರ್ಶೆ ಬರುವ ಪುಟದಲ್ಲಿ ಇದಕ್ಕೂ ವಿಮರ್ಶೆಯೇ ಎಂದು ಕೆಲವರು ಹುಬ್ಬೇರಿಸಬಹುದು. ಆದರೆ ಒಬ್ಬ ಮನುಷ್ಯ ತನ್ನ ಬಾಳಿಗೆ ಸಂಗಾತಿ ಬೇಕೆಂದು ಜಗತ್ತಿನ ಮುಂದಿಡುವ ಚಿತ್ರವು ನಾವು ಬರೆಯುವ ಅನೇಕ ಕಥೆಗಳಿಗಿಂತ ಹೆಚ್ಚು ಗಂಭೀರವಾದದ್ದು. ಕಥೆಯನ್ನು ತಿರಸ್ಕರಿಸಿದರೆ ಸಂಪಾದಕರಿಗೆ ಅಂಚೆ ಖರ್ಚು. ಇಲ್ಲಿ ತಿರಸ್ಕೃತವಾಗುವುದು ಮುಖ.

ಮಾದರಿಗಾಗಿ ಅವನು ತನ್ನ ಮೊಬೈಲಿನಲ್ಲಿ ಹಲವು ಚಿತ್ರಗಳನ್ನು ಉಳಿಸಿಕೊಂಡಿದ್ದ. ಗೋವಾ, ಗೋಕರ್ಣ, ವರ್ಕಲಾ, ಬಾಲಿ, ಮಾಲ್ಡೀವ್ಸ್. ಊರು ಬೇರೆ ಬೇರೆ, ಚಿತ್ರ ಮಾತ್ರ ಒಂದೇ. ಸೂರ್ಯ ಬೆನ್ನ ಹಿಂದಿರಬೇಕು ಅಥವಾ ಓರೆಯಾಗಿ ಕೆನ್ನೆಗೆ ಬೀಳಬೇಕು. ಕಣ್ಣು ಕ್ಯಾಮೆರಾದ ಕಡೆಗಿರದೆ ದೂರದ ನೀರಿನ ಮೇಲಿರಬೇಕು. ಯಾರೋ ಈಗಷ್ಟೇ ಹಾಸ್ಯ ಹೇಳಿದಂತೆ ನಗಬೇಕು. ಆ ಹಾಸ್ಯ ಹೇಳಿದವರು ಯಾವ ಚಿತ್ರದಲ್ಲೂ ಇಲ್ಲ. ಕಥಾಸ್ಪರ್ಧೆಯ ತೀರ್ಪುಗಾರರಾಗಿ ಕುಳಿತಾಗ ಸಾಲು ಸಾಲಾಗಿ ಮಳೆಯಿಂದ ಆರಂಭವಾಗುವ ಕಥೆಗಳನ್ನು ಓದಿದ ದಿನಗಳು ನಮಗೆ ನೆನಪಾದವು.

ಈ ರೂಢಿಗಳು ಸುಮ್ಮನೆ ಹುಟ್ಟಿಲ್ಲ, ಪ್ರತಿಯೊಂದಕ್ಕೂ ಕಾರಣವಿದೆ. ಮಲ್ಪೆಯ ದಂಡೆ ಪಡುವಣಕ್ಕೆ ಮುಖ ಮಾಡಿದೆ. ಡಿಸೆಂಬರಿನಲ್ಲಿ ಐದೂವರೆಯಿಂದ ಆರರ ತನಕ ಬಿಸಿಲು ತಗ್ಗಿ, ಕೆಂಪಾಗಿ, ಮುಖದ ಮೇಲೆ ಗೀರು ನೆರಳು ಬೀಳದಂತೆ ಹರಡುತ್ತದೆ. ಒದ್ದೆ ಮರಳು ಆ ಬೆಳಕನ್ನು ಕೆಳಗಿನಿಂದ ಹಿಂದಿರುಗಿಸುವುದರಿಂದ ಕಣ್ಣ ಕೆಳಗಿನ ಕಪ್ಪು ತುಂಬಿಹೋಗುತ್ತದೆ. ಕ್ಯಾಮೆರಾವನ್ನು ಸೊಂಟದ ಮಟ್ಟಕ್ಕೆ ಇಳಿಸಿದರೆ ಕುಳ್ಳನೂ ಎತ್ತರ ಕಾಣುತ್ತಾನೆ. ದೂರ ನಿಂತು ತೆಗೆದರೆ ಮೂಗು ತನ್ನ ಅಳತೆಯಲ್ಲಿರುತ್ತದೆ. ಅಮೆರಿಕದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಮುಖದಿಂದ 12 ಅಂಗುಲ ದೂರದಲ್ಲಿ ತೆಗೆದ ಸೆಲ್ಫಿಯಲ್ಲಿ ಮೂಗು 5 ಅಡಿ ದೂರದಿಂದ ತೆಗೆದುದಕ್ಕಿಂತ ಸುಮಾರು ಶೇ. 30ರಷ್ಟು ಅಗಲವಾಗಿ ಕಾಣುತ್ತದೆ. ಸೆಲ್ಫಿ ಬೇಡವೆನ್ನಲು ಅವನ ಬಳಿ ಇನ್ನೊಂದು ಕಾರಣವೂ ಇತ್ತು. "ಎಲ್ಲ ಫೋಟೋನೂ ನಾನೇ ತೆಗೆದುಕೊಂಡರೆ ನನಗೆ ಯಾರೂ ಇಲ್ಲ ಅಂತ ಗೊತ್ತಾಗುತ್ತೆ ಖಾಲಾ." ಜೊತೆ ಬೇಕೆನ್ನುವವನು ಒಂಟಿಯೆಂದು ಕಾಣಬಾರದು. ಕ್ಯಾಮೆರಾದ ಹಿಂದೆ ಇದ್ದದ್ದು ಅವನ ಖಾಲಾ ಎಂಬುದೂ ಗೊತ್ತಾಗಬಾರದು!

ಅದು ಸರಿ, ಕಡಲೇ ಏಕೆ? ನಮಗೆ ತೋರುವುದಿಷ್ಟು. ಮನೆಯಲ್ಲಿ ತೆಗೆದರೆ ಗೋಡೆ ಮಾತಾಡುತ್ತದೆ. ಸುಣ್ಣ ಉದುರಿದ ಮೂಲೆ, ಕಿರಾಣಿ ಅಂಗಡಿಯ ಕ್ಯಾಲೆಂಡರು, ಹಗ್ಗದ ಮೇಲಿನ ಬಟ್ಟೆ ಎಲ್ಲವೂ ಇವನು ಯಾರ ಮಗ, ಎಷ್ಟು ಬಾಡಿಗೆ ಕೊಡುತ್ತಾನೆ, ಯಾವ ಮೊಹಲ್ಲಾದವನು ಎಂದು ಹೇಳಿಬಿಡುತ್ತವೆ. ಕಡಲಿಗೆ ಗೋಡೆಯಿಲ್ಲ. ಅಲ್ಲಿ ಕಾಲಲ್ಲಿ ಚಪ್ಪಲಿಯೂ ಇರುವುದಿಲ್ಲವಾದ್ದರಿಂದ ಅದರ ಬೆಲೆಯೂ ತಿಳಿಯದು. ವಿಳಾಸ ಹೇಳಿದೊಡನೆ ಬಾಡಿಗೆಮನೆ ಇಲ್ಲವೆನ್ನುವ ಊರುಗಳಲ್ಲಿ ಬದುಕುವ ನಮ್ಮ ಹುಡುಗರಿಗೆ ವಿಳಾಸವಿಲ್ಲದ ಹಿನ್ನೆಲೆಯೊಂದು ಬೇಕೆನಿಸಿದರೆ ಅದನ್ನು ಬರೀ ಶೋಕಿ ಎನ್ನಲಾರೆವು.

ಆದರೆ ಆ ಬಿಡುವೂ ಒಂದು ಜಂಭವೇ. ಮಲ್ಪೆ ದೊಡ್ಡ ಮೀನುಗಾರಿಕೆ ಬಂದರು. ನಾವು ನಿಂತಲ್ಲಿಂದ ಸ್ವಲ್ಪ ದೂರದಲ್ಲಿ ಬೋಟುಗಳು, ಬಲೆ ಹೊಲಿಯುವವರು, ಮೀನಿನ ಬುಟ್ಟಿ ಹೊತ್ತ ಹೆಂಗಸರು. "ಬೋಟು ಬರಬಾರದು ಖಾಲಾ, ಸ್ವಲ್ಪ ಎಡಕ್ಕೆ ತಿರುಗಿ" ಎಂದು ಅವನು ಮತ್ತೆ ಮತ್ತೆ ಎಚ್ಚರಿಸುತ್ತಿದ್ದ. ಕಡಲಿನ ಚಿತ್ರದಲ್ಲಿ ಕಡಲಿನವರು ಇರಬಾರದು ಎಂಬುದು ಈ ಪ್ರಕಾರದ ಮೊದಲ ನಿಯಮ.

ಆ್ಯಪ್‌ಗಳ ಚಿತ್ರಗಳ ಬಗ್ಗೆ ಶಾಸ್ತ್ರವೇ ಬೆಳೆದಿದೆ. ಒಕೆಕ್ಯುಪಿಡ್ ಎಂಬ ಅಮೆರಿಕದ ತಾಣ 2010ರಲ್ಲಿ ತನ್ನ 7,000ಕ್ಕೂ ಹೆಚ್ಚು ಚಿತ್ರಗಳನ್ನು ಲೆಕ್ಕ ಹಾಕಿ, ಗಂಡಸರು ನಗದೆ ಬೇರೆಡೆಗೆ ನೋಡಿದರೆ ಲಾಭ ಎಂದು ಸಾರಿತು. ಅಂಥ ಸಲಹೆಗಳು ಹಾಗಿರಲಿ. ನಮಗೆ ಅದಕ್ಕಿಂತ ಕುತೂಹಲ ಹುಟ್ಟಿಸಿದ್ದು 2008ರ ಒಂದು ಅಧ್ಯಯನ. ನ್ಯೂಯಾರ್ಕಿನ 80 ಮಂದಿಯನ್ನು ಕರೆಸಿ, ಅವರು ಆನ್‌ಲೈನಿನಲ್ಲಿ ಬರೆದುಕೊಂಡಿದ್ದ ಎತ್ತರ, ತೂಕ, ವಯಸ್ಸುಗಳನ್ನು ನಿಜದೊಂದಿಗೆ ಹೋಲಿಸಿದಾಗ ಹತ್ತರಲ್ಲಿ ಎಂಟು ಜನ ಯಾವುದಾದರೊಂದರಲ್ಲಿ ಸುಳ್ಳಾಡಿದ್ದರು. ಆದರೆ ಹೆಚ್ಚಿನ ಸುಳ್ಳುಗಳು ತೀರ ಸಣ್ಣವು. ಎಂದಾದರೊಂದು ದಿನ ಎದುರುಬದುರು ಕೂರಲೇಬೇಕಲ್ಲ, ಆ ಭಯ ಅವರ ಕೈ ಹಿಡಿದಿತ್ತು.

ಇದೆಲ್ಲಕ್ಕೆ ಎದುರಾಗಿ ನಿಲ್ಲುವ ಕಡಲ ಚಿತ್ರಗಳೂ ಇವೆ. ಡಚ್ ಛಾಯಾಗ್ರಾಹಕಿ ರಿನೆಕೆ ಡೈಕ್‌ಸ್ಟ್ರಾ 1992ರಿಂದ ಎರಡು ಮೂರು ವರ್ಷ ಅಮೆರಿಕ, ಪೋಲೆಂಡ್, ಉಕ್ರೇನ್ ಮೊದಲಾದ ದೇಶಗಳ ದಂಡೆಗಳಲ್ಲಿ ಹದಿಹರೆಯದವರ ಚಿತ್ರಗಳನ್ನು ತೆಗೆದರು. ನಾವು ಮೂಲ ಪ್ರತಿಗಳನ್ನು ಕಂಡವರಲ್ಲ, ಗೆಳತಿಯೊಬ್ಬಳು ಕೊಟ್ಟ ಪುಸ್ತಕದಲ್ಲಿ ನೋಡಿದೆವು. ಮೂರು ಕಾಲಿನ ಮೇಲೆ ನಿಲ್ಲಿಸಿದ ದೊಡ್ಡ ಕ್ಯಾಮೆರಾ, ಹಗಲಿನಲ್ಲೂ ಫ್ಲ್ಯಾಶ್ ದೀಪ. ಒಬ್ಬೊಬ್ಬರೇ ಈಜುಡುಗೆಯಲ್ಲಿ ನೇರ ನಿಂತಿದ್ದಾರೆ. ಹಿಂದೆ ನೀರು, ಮೇಲೆ ಆಕಾಶ, ಬೇರೇನೂ ಇಲ್ಲ. ಚಿತ್ರದ ಹೆಸರಿನಲ್ಲಿ ಊರು ಮತ್ತು ತಾರೀಕು ಮಾತ್ರ. ಅಂದರೆ ನಮ್ಮ ಹುಡುಗನ ಚಿತ್ರಕ್ಕೆ ಬೇಕಾದ ಸಾಮಗ್ರಿಯೇ ಅಲ್ಲಿಯೂ ಇದೆ. ಫಲ ಮಾತ್ರ ಪೂರ್ತಿ ಬೇರೆ.

1992ರ ಜುಲೈನಲ್ಲಿ ಪೋಲೆಂಡಿನ ಕೊವೊಬ್ಜೆಗ್‌ನಲ್ಲಿ ತೆಗೆದ ಚಿತ್ರದಲ್ಲಿ ತೆಳು ಹಸಿರು ಈಜುಡುಗೆಯ ಸಣಕಲು ಹುಡುಗಿಯೊಬ್ಬಳು ಒಂದು ಕಾಲಿಗೆ ಭಾರ ಬಿಟ್ಟು ನಿಂತಿದ್ದಾಳೆ. ಅವಳ ನಿಲುವು ಬೊಟ್ಟಿಚೆಲ್ಲಿಯ ವೀನಸ್ಸನ್ನು ನೆನಪಿಸುತ್ತದೆಂದು ವಿಮರ್ಶಕರು ಬರೆದಿದ್ದಾರೆ. ಅದು ಅವಳಿಗೆ ಗೊತ್ತಿರಲಾರದು. ಅದೇ ವರ್ಷದ ಜೂನ್‌ನಲ್ಲಿ ಅಮೆರಿಕದ ಹಿಲ್ಟನ್ ಹೆಡ್ ದ್ವೀಪದಲ್ಲಿ ತೆಗೆದ ಇನ್ನೊಬ್ಬ ಹುಡುಗಿ ಪತ್ರಿಕೆಗಳ ಚೆಲುವೆಯರಂತೆ ನಿಲ್ಲಲು ಯತ್ನಿಸುತ್ತಿದ್ದಾಳೆ. ಆ ಯತ್ನ ಮುಗಿಯುವ ಮೊದಲೇ ಕ್ಯಾಮೆರಾ ಅವಳನ್ನು ಹಿಡಿದುಬಿಟ್ಟಿದೆ. ಇವರಿಬ್ಬರಲ್ಲಿ ಯಾರನ್ನೂ ಮರೆಯಲು ನಮ್ಮಿಂದಾಗಿಲ್ಲ. ಅಕ್ಕನ ಮಗ ತೋರಿಸಿದ ನೂರಾರು ಚಿತ್ರಗಳಲ್ಲಿ ಒಂದು ಮುಖವನ್ನೂ ಈಗ ನೆನಪಿಸಿಕೊಳ್ಳಲಾರೆವು.

ಈ ಸರಣಿಯ ಹಿಂದೆ ಡೈಕ್‌ಸ್ಟ್ರಾ ಅವರದೇ ಚಿತ್ರವೊಂದಿದೆ. ಸೈಕಲ್ ಅಪಘಾತದಲ್ಲಿ ಸೊಂಟಕ್ಕೆ ಪೆಟ್ಟಾಗಿ, ಚೇತರಿಕೆಗೆಂದು ಆ್ಯಮ್‌ಸ್ಟರ್‌ಡ್ಯಾಮಿನ ಕೊಳದಲ್ಲಿ ಈಜುತ್ತಿದ್ದ ಅವರು 1991ರ ಜೂನ್‌ನಲ್ಲಿ ಈಜಿ ದಣಿದು ಮೇಲೆ ಬಂದೊಡನೆ ತಮ್ಮನ್ನೇ ಚಿತ್ರಿಸಿಕೊಂಡರು. ಚೆಂದ ಕಾಣುವಂತೆ ನಿಲ್ಲಲು ಮೈಯಲ್ಲಿ ಶಕ್ತಿಯೇ ಉಳಿದಿರದಷ್ಟು ಆಯಾಸ. ಅಲ್ಲಿ ಅವರಿಗೆ ತಮ್ಮ ದಾರಿ ಸಿಕ್ಕಿತು.

ಇಲ್ಲಿಗೆ ನಿಲ್ಲಿಸಿ, ಡೈಕ್‌ಸ್ಟ್ರಾ ಅವರದು ಸತ್ಯ, ಆ್ಯಪ್‌ನದು ಸುಳ್ಳು ಎಂದು ತೀರ್ಪು ಕೊಟ್ಟುಬಿಡಬಹುದಿತ್ತು. ಅದಕ್ಕೆ ನಮ್ಮ ಆಪಾ ಬಿಡುವುದಿಲ್ಲ.

1987ರಲ್ಲಿ ಆಪಾಳ ರಿಶ್ತಾದ ಫೋಟೋ ತೆಗೆಸಲು ಅಮ್ಮನ ಸೆರಗು ಹಿಡಿದು ನಾವೂ ಸ್ಟುಡಿಯೋಗೆ ಹೋಗಿದ್ದೆವು. ಗೋಡೆಗೆ ತೂಗುಬಿಟ್ಟ ದೊಡ್ಡ ಬಟ್ಟೆಯ ಮೇಲೆ ಕಡಲು, ಎರಡು ತೆಂಗಿನಮರ, ಹಾಯಿದೋಣಿ. ಆಪಾ ಆವರೆಗೆ ಕಡಲನ್ನು ಕಂಡವಳಲ್ಲ. ಅವಳಿಗೆ ಮಗುವಾಗಿದ್ದಾಗ ಸಿಡುಬು ಬಂದು ಎರಡೂ ಕೆನ್ನೆಯಲ್ಲಿ ಗುಳಿಗಳು ಉಳಿದಿದ್ದವು. ಅಮ್ಮ ಸ್ಟುಡಿಯೋದವರ ಹತ್ತಿರ ಮೆಲ್ಲಗೆ ಏನೋ ಹೇಳಿದರು. ಅವರು "ಚಿಂತೆ ಬೇಡಮ್ಮ" ಎಂದರು. ಆ ಕಾಲದಲ್ಲಿ ನೆಗೆಟಿವ್‌ನ ಮೇಲೆ ಚೂಪಾದ ಪೆನ್ಸಿಲಿನಿಂದ ಸಣ್ಣ ಸಣ್ಣ ಚುಕ್ಕೆಯಿಟ್ಟು ಗುಳಿಯ ನೆರಳನ್ನು ತುಂಬುತ್ತಿದ್ದರು. ನಾಲ್ಕು ದಿನದ ಮೇಲೆ ಬಂದ ಚಿತ್ರದಲ್ಲಿ ಆಪಾಳ ಕೆನ್ನೆ ಬೆಣ್ಣೆಯಂತಿತ್ತು. ಮನೆಯಲ್ಲಿ ಎಲ್ಲರೂ ಸಂತೋಷಪಟ್ಟರು. ಆಪಾ ಕನ್ನಡಿಯನ್ನೊಮ್ಮೆ, ಚಿತ್ರವನ್ನೊಮ್ಮೆ ನೋಡಿ ಸುಮ್ಮನಾದಳು.

ದೂಲ್ಹಾಭಾಯಿ ಆಗ ದಮ್ಮಾಮಿನಲ್ಲಿದ್ದರು. ಅವರ ತಾಯಿ, ಅಕ್ಕ ಬಂದು ಆಪಾಳನ್ನು ನೋಡಿ ಒಪ್ಪಿದರು. ಅವರಿಗೆ ತಲುಪಿದ್ದು ಲಕೋಟೆಯಲ್ಲಿನ ಚಿತ್ರ ಮಾತ್ರ. ನಿಕಾಹ್‌ಗೆ ಮುನ್ನ ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿಕೊಳ್ಳಲು ಹದೀಸ್‌ನಲ್ಲೇ ಅನುಮತಿಯಿದೆ. ನಮ್ಮ ಮನೆತನಗಳು ಆ ಅನುಮತಿಯನ್ನು ಕಸಿದುಕೊಂಡು ಅದರ ಜಾಗದಲ್ಲಿ ಪೆನ್ಸಿಲ್ ತಿದ್ದಿದ ಕಾಗದವನ್ನು ಇಟ್ಟವು. ಮದುವೆಯ ದಿನ ಜಲ್ವಾದಲ್ಲಿ, ಇಬ್ಬರ ನಡುವೆ ಇಟ್ಟ ಕನ್ನಡಿಯಲ್ಲಿ ಅವರು ಮೊದಲ ಬಾರಿ ಆಪಾಳ ಮುಖ ನೋಡಿದರು. ಏನೂ ಹೇಳಲಿಲ್ಲ. ಅವರು ಕೆಟ್ಟವರಲ್ಲ. ಹನ್ನೊಂದು ವರ್ಷಗಳ ನಂತರ, ಯಾವುದೋ ಸಣ್ಣ ಜಗಳದಲ್ಲಿ, "ನಾನು ಒಪ್ಪಿದ್ದು ತಸ್ವೀರನ್ನು" ಎಂದರಂತೆ. ಒಮ್ಮೆ ಮಾತ್ರ. ಆಪಾ ಅದನ್ನು ನಮಗೆ ಹೇಳಿದ್ದು ಅವರು ತೀರಿಕೊಂಡ ಮೇಲೆ, ಅವರ ಪರ್ಸಿನಲ್ಲಿ ಆ ಸ್ಟುಡಿಯೋ ಚಿತ್ರ ಸಿಕ್ಕ ದಿನ.

ಆದ್ದರಿಂದ ಈ ಚಿತ್ರಗಳ ಸುಳ್ಳನ್ನು ನಾವು ಹಗುರವಾಗಿ ಕಾಣಲಾರೆವು. ಹಾಗೆಂದು ಡೈಕ್‌ಸ್ಟ್ರಾ ಅವರ ಮುಂದೆ ಪೂರ್ತಿ ತಲೆಬಾಗಲೂ ಆಗುತ್ತಿಲ್ಲ. ಒಮ್ಮೆ ಆ ಪುಸ್ತಕವನ್ನು ಆಪಾಳಿಗೆ ತೋರಿಸಿದೆವು. ಪೋಲೆಂಡಿನ ಹುಡುಗಿಯನ್ನು ಬಹಳ ಹೊತ್ತು ನೋಡಿ, "ಪಾಪ, ಈ ಮಗುವಿಗೆ ಸರಿಯಾಗಿ ನಿಲ್ಲಲು ಯಾರಾದರೂ ಹೇಳಬಾರದಿತ್ತಾ?" ಎಂದಳು. ನಾವು ಕಲೆಯ ಬಗ್ಗೆ ನಾಲ್ಕು ಮಾತು ಹೇಳಿದೆವು. ಅವಳು ಕೇಳಿಸಿಕೊಂಡಳು, ಅಷ್ಟೆ. ಅವಳ ಮಾತಿನಲ್ಲಿ ತೂಕವಿದೆ. ಇನ್ನೊಬ್ಬರ ಮುಜುಗರವನ್ನು ಸತ್ಯವೆಂದು ಮೆಚ್ಚುವುದು ಪುಸ್ತಕ ಹಿಡಿದು ಕೂತವರಿಗೆ ಸುಲಭ. ಆ ಹುಡುಗಿಯ ಚಿತ್ರ ನೋಡಿ ಯಾರೂ ಅವಳನ್ನು ಬೇಕು, ಬೇಡ ಎನ್ನಬೇಕಾಗಿಲ್ಲ. ಅಕ್ಕನ ಮಗನ ಚಿತ್ರ ನೋಡುವವರ ಹೆಬ್ಬೆರಳು ಅದಕ್ಕೆಂದೇ ಕಾದಿರುತ್ತದೆ. ಎಡಕ್ಕೆ ತಳ್ಳಿದರೆ ಬೇಡ, ಬಲಕ್ಕೆ ತಳ್ಳಿದರೆ ಬೇಕು ಎಂಬ ಈ ಪದ್ಧತಿಯನ್ನು 2012ರಲ್ಲಿ ಆರಂಭವಾದ ಟಿಂಡರ್ ಮನೆಮಾತಾಗಿಸಿತು. ರಿಶ್ತಾ ನೋಡಲು ಬಂದವರು ಬೇಡವೆನ್ನುವ ಮೊದಲು ಚಹಾವನ್ನಾದರೂ ಕುಡಿಯುತ್ತಿದ್ದರು.

ನಮ್ಮವರಿಗಾಗಿಯೇ ಇರುವ ಆ್ಯಪ್‌ಗಳೂ ಇವೆ. 2015ರಲ್ಲಿ ಬ್ರಿಟನ್ನಿನಲ್ಲಿ ಮುಝ್‌ಮ್ಯಾಚ್ ಎಂದು ಆರಂಭವಾಗಿ 2022ರಲ್ಲಿ ಮುಝ್ ಎಂದು ಹೆಸರು ಬದಲಿಸಿಕೊಂಡ ಆ್ಯಪ್‌ನಲ್ಲಿ ಮುಖವನ್ನು ಮಬ್ಬಾಗಿಸಿಟ್ಟು, ಮಾತು ಬೆಳೆದು ನಂಬಿಕೆ ಬಂದ ಮೇಲೆ ತೋರಿಸುವ ಅನುಕೂಲವಿದೆ. ಇದನ್ನು ಪರದೆಯ ಹೊಸ ರೂಪವೆಂದು ನಗುವವರಿದ್ದಾರೆ. ನಮಗೆ ಅದರಲ್ಲಿ ವಿವೇಕವೇ ಕಂಡಿತು. ಮಾತು ಮೊದಲು, ಮುಖ ಆಮೇಲೆ ಎಂದರೆ ಪೆನ್ಸಿಲಿಗೆ ಕೆಲಸ ಸ್ವಲ್ಪ ಕಡಿಮೆಯಾಗಬಹುದೇನೋ. ಇದನ್ನು ಹೇಳಿದಾಗ ಅಕ್ಕನ ಮಗ, "ಮಬ್ಬು ಮಾಡಿದರೆ ಏನೋ ಮುಚ್ಚಿಡ್ತಾನೆ ಅಂದುಕೊಳ್ತಾರೆ ಖಾಲಾ" ಎಂದು ಕ್ಯಾಪ್ ಸರಿಪಡಿಸಿಕೊಂಡ.

ಆ ಕ್ಯಾಪ್‌ನ ವಿಷಯ ಹೇಳಬೇಕು. ನೂರ ನಲವತ್ತು ಚಿತ್ರ ತೆಗೆದೆವು. ನೂರ ಮೂವತ್ತೊಂಬತ್ತರಲ್ಲಿ ಅದು ತಲೆಯ ಮೇಲಿದೆ. ಇಪ್ಪತ್ತೆಂಟಕ್ಕೇ ಅವನ ಕೂದಲು ಉದುರತೊಡಗಿತ್ತು. ಸೂರ್ಯ ಮುಳುಗುವ ಹೊತ್ತಿಗೆ ಜೋರಾಗಿ ಬೀಸಿದ ಗಾಳಿ ಕ್ಯಾಪನ್ನು ಎತ್ತಿ ನೀರಿಗೆಸೆಯಿತು. ಇಸ್ತ್ರಿಯ ಶರ್ಟು, ಪ್ಯಾಂಟು ಸಮೇತ ಅವನು ಅಲೆಗೆ ಓಡಿದ. ಕ್ಯಾಪ್ ಹಿಂಡುತ್ತಾ, ನೆತ್ತಿಗಂಟಿದ ನಾಲ್ಕು ಎಳೆ ಕೂದಲಿನಲ್ಲಿ ನೀರು ತೊಟ್ಟಿಕ್ಕುತ್ತಾ ತಿರುಗಿ ನಮ್ಮನ್ನು ನೋಡಿದ. ಬಿದ್ದ ಮಗು ಅಳಬೇಕೋ ಬೇಡವೋ ಎಂದು ದೊಡ್ಡವರ ಮುಖ ನೋಡುತ್ತದಲ್ಲ, ಹಾಗೆ. ನಮ್ಮ ಬೆರಳು ತಾನಾಗಿ ಒತ್ತಿಬಿಟ್ಟಿತು. ಹಿಂದೆ ಒಂದು ಬೋಟು ಕೂಡ ಬಂದಿದೆ.

ಅವನು ಐದು ಚಿತ್ರ ಆರಿಸಿಕೊಂಡ. ಎಲ್ಲದರಲ್ಲೂ ದೂರದ ನೀರನ್ನು ನೋಡುತ್ತಾ, ಯಾರೂ ಹೇಳದ ಹಾಸ್ಯಕ್ಕೆ ನಗುತ್ತಿದ್ದಾನೆ. ಚೆನ್ನಾಗಿಯೇ ಇವೆ, ತೆಗೆದವರು ನಾವಲ್ಲವೇ. ಈ ಲೇಖನವನ್ನು ಅವನಿಗೆ ಓದಿ ಹೇಳಿದಾಗ "ಹೆಸರು ಹಾಕಬೇಡಿ" ಎಂದಷ್ಟೇ ಕೇಳಿಕೊಂಡ. ಸೈಟ್ ಯಾವುದೆಂದು ಅಮ್ಮಿಗೆ ತಾನೇ ಹೇಳುತ್ತೇನೆಂದ, ಹೇಳಿಯೂ ಇದ್ದಾನೆ.

ಶಿವಮೊಗ್ಗಕ್ಕೆ ಹೋದಾಗ ಆಪಾ ಚಿತ್ರಗಳನ್ನೆಲ್ಲ ತೋರಿಸು ಎಂದಳು. ಕನ್ನಡಕ ಏರಿಸಿ, ಒಂದೊಂದನ್ನೇ ಸರಿಸುತ್ತಾ ಬಂದವಳು ಒದ್ದೆ ತಲೆಯ ಚಿತ್ರದ ಮುಂದೆ ನಿಂತಳು. ಬೆರಳಿನಿಂದ ಅದನ್ನು ದೊಡ್ಡದು ಮಾಡಿ ನೋಡಿದಳು.

"ಇದನ್ನು ಹಾಕಿದ್ದಾನಾ?"

"ಇಲ್ಲ ಆಪಾ."

"ಆರು ಬೇಕು ಅಂದಿದ್ದನಲ್ಲ?"

"ಐದೇ ಹಾಕಿದ್ದಾನೆ. ಒಂದು ಜಾಗ ಖಾಲಿ ಇದೆ."

ಆಪಾ ಮೊಬೈಲನ್ನು ಹಿಂದಿರುಗಿಸಲಿಲ್ಲ. ಮಡಿಲಲ್ಲಿ ಇಟ್ಟುಕೊಂಡು, ಅವನಿಗೆ ಫೋನ್ ಹಚ್ಚಿಕೊಡು ಎಂದಳು.